ಶ್ರೀಕಂಠನ ಕೆಳಸಾಲಿನ ವಸಡು

ಯೂನಿಯನ್ ಸಿಟಿ
೯ ಮಾರ್ಚ್ ೨೦೨೫, ಭಾನುವಾರ

ಪ್ರಿಯ ಶ್ರೀಕಂಠ,

ನೀನೂ ಸತ್ಯವತಿಯೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಹಲ್ಲುಗಳ ಕ್ಷೇಮ ಮಾತ್ರ ವಿಚಾರಿಸುವುದಿಲ್ಲ, ಅದು ನಿನ್ನ ಹಲ್ಲಿನ ಡಾಕ್ಟರಾದ ನನಗೇ ಗೊತ್ತು. ಗುರುವಾರದಿಂದ ನೀನು ವಾಟ್ಸಾಪಿನಲ್ಲಿ ಮೂರು ಸಲ "ಮತ್ತೆ ಯಾವಾಗ ಹೊಲಿತೀಯೇ ಫಕ್ರು?" ಎಂದು ಕೇಳಿದೆ. ತಡವಾಯಿತು, ಕ್ಷಮಿಸು. ನನ್ನಲ್ಲಿದ್ದ ಬೈಗುಳವೆಲ್ಲ ಅಷ್ಟು ಸಣ್ಣ ಪರದೆಯಲ್ಲಿ ಹಿಡಿಸಲಿಲ್ಲ. ಈ ಕಾಗದವನ್ನು ಮನೆಗೆ ಕಳಿಸಿದರೆ ಸತ್ಯವತಿ ಒಡೆದು ಓದಿಯಾಳೆಂದು ಆಫೀಸಿನ ವಿಳಾಸಕ್ಕೆ ಹಾಕುತ್ತಿದ್ದೇನೆ.

ಮೈಸೂರಿನ ಪಿಯುಸಿ ಬೆಂಚಿನಿಂದ ನಿನ್ನನ್ನು ಬಲ್ಲೆ ಎಂಬ ಅಹಂಕಾರ ನನ್ನದು. ಎರಡು ವರ್ಷದ ಹಿಂದೆ ನೀನು ಸಿಗರೇಟು ಬಿಟ್ಟೆಯೆಂದು ಸತ್ಯವತಿ ಕ್ಯಾಂಪ್‌ಬೆಲ್ಲಿನ ನಿಮ್ಮ ಮನೆಯಲ್ಲಿ ನಲವತ್ತು ಜನಕ್ಕೆ ಹೋಳಿಗೆ ಬಡಿಸಿದಳು. ನಾನೂ ನಮ್ಮನೆಯವರು ಅನ್ವರ್ ಕೂಡ ಎರಡೆರಡು ತಿಂದೆವು. ಆ ಹೋಳಿಗೆಯ ನಂಬಿಕೆಯ ಮೇಲೆಯೇ ಕಳೆದ ಜೂನಿನಲ್ಲಿ, ವಸಡಿನ ಆಪರೇಷನ್ನಿನ ಫಾರಮ್ಮಿನ ಪ್ರಶ್ನೆಗಳಿಗೆ ನಿನ್ನ ಬದಲು ನಾನೇ ಉತ್ತರ ಹೇಳಿದೆ. ನನ್ನ ಸಹಾಯಕಿ ಅರೀಬಾ, ಇಲ್ಲೇ ಹುಟ್ಟಿದ ಹುಡುಗಿ, "ವೇಪಿಂಗ್, ಅಂಕಲ್?" ಎಂದು, ಬ್ಯಾಟರಿ ಕಡ್ಡಿಯಿಂದ ಹಣ್ಣಿನ ವಾಸನೆಯ ಹಬೆ ಎಳೆಯುವ ಚಟವುಂಟೇ ಎಂದು ಕೇಳಿದಳು.

"ಏ, ನನ್ನ ಫ್ರೆಂಡು ಕಣೇ, ನಂಗೊತ್ತಿಲ್ವಾ? ನೋ ಅಂತ ಹಾಕು," ಎಂದವಳೂ ನಾನೇ.

ನೀನು ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಮಲಗಿದ್ದೆ. ಬಾಯಿ ಮಾತ್ರ ಬಿಡಲಿಲ್ಲ.

ನಿನ್ನ ಅಂಗುಳಿನಿಂದ ಒಂದು ಚೂರು ತೆಗೆದು, ವಸಡು ಜಾರಿದ ಕೆಳಗಿನ ನಾಲ್ಕು ಹಲ್ಲುಗಳ ಬುಡಕ್ಕೆ ಹೊಲಿದೆ. ಎಂಟೇ ದಿನಕ್ಕೆ ಅದು ಬೂದಿ ಬಣ್ಣಕ್ಕೆ ತಿರುಗಿ ಸತ್ತಿತು. ಯಾಕೆಂದು ಹುಡುಕಿ ಹುಡುಕಿ ಸೋತೆ. ಉತ್ತರ ಸಿಕ್ಕಿದ್ದು ಮೊನ್ನೆ ಗುರುವಾರ, ಕುರ್ಚಿ ಹಿಂದಕ್ಕೆ ವಾಲಿದಾಗ ನಿನ್ನ ಜೇಬಿನಿಂದ ಜಾರಿ ಬಿದ್ದ ಆ ನೀಲಿ ಕಡ್ಡಿಯಲ್ಲಿ. ಅರೀಬಾ ಎತ್ತಿಕೊಂಡು ಮೂಸಿದಳು. "ಆಂಟಿ, ಮ್ಯಾಂಗೋ!"

"ಪೆನ್‌ಡ್ರೈವು ಅದು," ಎಂದೆ ನೀನು.

"ಎಷ್ಟು ಜಿಬಿಯ ಮಾವಿನಹಣ್ಣೋ?" ಎಂದೆ ನಾನು.

ನೀನು ಹಲ್ಲು ಕಿರಿದೆ. ಕಿರಿಯಲು ಇನ್ನೂ ಹಲ್ಲುಗಳಿವೆಯಲ್ಲ, ಪುಣ್ಯವಂತ.

ಹೊಗೆ ಬಿಟ್ಟು ಹಬೆ ಹಿಡಿದೆ. ನಿನಗದು ಬಡ್ತಿ, ನಿನ್ನ ವಸಡಿಗೆ ಬರೀ ವರ್ಗಾವಣೆ. ಆ ಹಬೆಯಲ್ಲೂ ನಿಕೋಟಿನ್ ಇದೆ, ಅದು ರಕ್ತನಾಳಗಳನ್ನು ಹಿಂಡುತ್ತದೆ. "ಬ್ರಷ್ ಮಾಡಿದ್ರೆ ಒಂದ್ ತೊಟ್ಟು ರಕ್ತ ಬರಲ್ಲ ನೋಡು" ಎಂದು ಮೆರೆಯುತ್ತಿದ್ದೆಯಲ್ಲ, ಅದು ಆರೋಗ್ಯವಲ್ಲ ಮಹಾರಾಯ. ಅಲ್ಲಿಗೆ ರಕ್ತ ಹರಿಯುವುದೇ ಕಡಿಮೆ. ನಾನು ಹೊಲಿದ ಚೂರು ಸತ್ತದ್ದೂ ಅನ್ನ ಸಿಗದೆ.

ಮೆತ್ತನೆಯ ಬ್ರಷ್ಷಿನಲ್ಲಿ ದಿನಕ್ಕೆರಡು ಸಲ ಉಜ್ಜು. ಪಾತ್ರೆ ತಿಕ್ಕಿದ ಹಾಗಲ್ಲ. ಹಲ್ಲಿನ ಸಂದಿಗಳಲ್ಲಿ ದಾರ ಆಡಿಸು. ಹಬೆ ಬಾಯಿಯನ್ನು ಒಣಗಿಸುತ್ತದೆ, ಒಣಬಾಯಿಯಲ್ಲಿ ಹುಳುಕು ಬೇಗ. ಆಗಾಗ ನೀರು ಕುಡಿ. ಮೂರು ತಿಂಗಳಿಗೊಮ್ಮೆ ಕ್ಲೀನಿಂಗಿಗೆ ಬಾ, ಅರೀಬಾ ಮಾಡುತ್ತಾಳೆ. ಇಷ್ಟೆಲ್ಲ ಮಾಡಿಯೂ ಆ ಕಡ್ಡಿಯನ್ನು ಬಿಡದಿದ್ದರೆ ನಾಲ್ಕೂ ಹಲ್ಲು ನಿನ್ನನ್ನು ಬಿಡುತ್ತವೆ. ಆಮೇಲೆ ನಿನ್ನದು ಬರೀ ದಂತಕಥೆ.

ಇನ್ನು ಹೊಲಿಗೆಯ ವಿಷಯ. ಒಂಬತ್ತು ತಿಂಗಳಿಂದ ನಾನು "ಮುಂದಿನ ತಿಂಗಳು" ಎನ್ನುತ್ತಾ ಬಂದೆ. ಇನ್ನು ಆ ಸುಳ್ಳೂ ಬೇಡ, ನಾನು ಹೊಲಿಯುವುದಿಲ್ಲ. ವಾಲ್ನಟ್ ಕ್ರೀಕಿನಲ್ಲಿ ಗುರುಕಿರಣ ಎಂಬ ಡಾಕ್ಟರು ಇದ್ದಾರೆ, ನಿನ್ನ ಎಕ್ಸ್‌ರೇ ಕಳಿಸಿದ್ದೇನೆ. ಅಲ್ಲಿಯ ಫಾರಂ ನೀನೇ ತುಂಬು. ಸತ್ಯವತಿಗೆ ನಾನು ಹೇಳುವಂತಿಲ್ಲ, ವೃತ್ತಿ ಬಾಯಿ ಕಟ್ಟಿದೆ. ನೀನೇ ಹೇಳು. ಇಪ್ಪತ್ತಾರು ವರ್ಷ ಸತ್ಯವತಿಯ ಜೊತೆ ಸಂಸಾರ ಮಾಡಿದವನಿಗೆ ಒಂದು ಸಂಜೆ ಸತ್ಯದ ಜೊತೆ ಕೂರುವುದು ಕಷ್ಟವಾಗಬಾರದು.

ಆಯಸ್ಸು, ಆರೋಗ್ಯ, ಕೊನೆಯವರೆಗೂ ಚಕ್ಕುಲಿ ಕಡಿಯುವ ಯೋಗ, ಮೂರೂ ನಿನಗೆ ಸಿಗಲೆಂದು ದುವಾ ಮಾಡುತ್ತೇನೆ.

ನಿನ್ನ
ಫಖರುನ್ನಿಸಾ

ತಾ.ಕ.: ಆ ಚೂರು ಸತ್ತ ದಿನ ನೀನು ಕನ್ನಡಿ ಹಿಡಿದು ನೋಡಿಕೊಂಡು, "ಕೈ ನಡುಗ್ತಿದೆಯೇನೇ ಫಕ್ರು? ವಯಸ್ಸಾಯ್ತು ಬಿಡು" ಎಂದು ನಕ್ಕೆ. ನಿಜವಾದ ಕಾರಣ ನಿನಗೆ ಗೊತ್ತಿತ್ತು, ಆದರೂ ನಕ್ಕೆ. ನಾನೂ ನಕ್ಕೆ. ಮನೆಗೆ ಹೋಗಿ ಅಡುಗೆಕಟ್ಟೆಯ ಮುಂದೆ ನಿಂತು ಎರಡೂ ಕೈ ಚಾಚಿ ನೋಡಿಕೊಂಡೆ. ನಡುಗಿದವು. ಅಂದಿನಿಂದ ನಾನು ಯಾರ ಬಾಯಲ್ಲೂ ಚಾಕು ಇಟ್ಟಿಲ್ಲ. ಹುಳುಕು ತುಂಬುತ್ತೇನೆ, ಹೊಲಿಗೆ ಬೇಕಾದವರನ್ನೆಲ್ಲ ಗುರುಕಿರಣರಿಗೆ ದಾಟಿಸುತ್ತೇನೆ. ಗುರುವಾರ ತಪ್ಪು ನನ್ನ ಕೈಯದಲ್ಲ ಎಂದು ತಿಳಿಯಿತಲ್ಲ, ನೀನು ಹೋದ ಮೇಲೆ ಗ್ಲೌಸು ಬಿಚ್ಚಿ ಅರೀಬಾಳ ಮುಂದೆ ಕೈ ಚಾಚಿದೆ. ಅವಳು ಸುಮಾರು ಹೊತ್ತು ನೋಡಿ, "ಆಂಟಿ, ದೆ ಆರ್ ಶೇಕಿಂಗ್," ಎಂದಳು.