ಬಿಟ್ಟುಬಿಡಬೇಕಿದ್ದ ನಾಲ್ವರು

ಮಾರ್ಚ್ 3, ಸೋಮವಾರ

ಎರಡು ಆಪರೇಷನ್. ಮುಗಿದಾಗ ಮೂರು ಗಂಟೆ. ಊಟ ಇಲ್ಲ, ಬಿಸ್ಕತ್ತು. ಆಮೇಲೆ ಜರ್ನಲ್ಲಿಗೆ ಕಳಿಸಬೇಕಾದ ಲೇಖನದ ಅದೇ ಅಂಕಿಅಂಶದ ಟೇಬಲ್. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಗಡ್ಡೆ, ಐದು ವರ್ಷ, ನೂರಹನ್ನೆರಡು ಜನ. ಮೈಕ್ರೋಸ್ಕೋಪಿನಲ್ಲಿ ನಮ್ಮ ವಿಭಾಗದ ಚೀಫ್ ಮಾಡಿದ್ದು ಅರವತ್ತು, ತುದಿಯಲ್ಲಿ ಕ್ಯಾಮೆರಾ ಇರೋ ಎಂಡೋಸ್ಕೋಪಿನಲ್ಲಿ ನಾನು ಐವತ್ತೆರಡು. ಇಬ್ಬರಿಗೂ ದಾರಿ ಮೂಗೇ. ಅವರದು ನೇರ ನೋಟ, ಆಳ ಚೆನ್ನಾಗಿ ತಿಳಿಯುತ್ತೆ. ನನ್ನದರಲ್ಲಿ ಮೂಲೆಮುಡುಕೆಲ್ಲ ಕಾಣುತ್ತೆ, ಆದರೆ ಚಪ್ಪಟೆ ಚಿತ್ರ. ಗಡ್ಡೆ ಪೂರ್ತಿ ತೆಗೆದದ್ದರಲ್ಲಿ ನಾನು ತುಸು ಮುಂದೆ. ಆಪರೇಷನ್ ಆದಮೇಲೆ ಮಿದುಳಿನ ನೀರು ಮೂಗಿಂದ ಸೋರಿದ್ದರಲ್ಲೂ ನಾನೇ ಮುಂದೆ. ಅವರದು ಎರಡು. ನನ್ನದು ಆರು.

ಥೂ.

ಮಾರ್ಚ್ 5, ಬುಧವಾರ

ಚೀಫ್ ಕರೆದರು. ಟೇಬಲ್ ನೋಡಿ ನಕ್ಕರು.

"ನಿನ್ನ ಮೊದಲ ವರ್ಷದ ನಾಲ್ಕು ಸೋರಿಕೆ ಬಿಟ್ಟುಬಿಡು. ಕೈ ಪಳಗೋ ಕಾಲ ಅದು."

"ಅವರೂ ಪೇಷೆಂಟ್ಸೇ ಅಲ್ವಾ ಸರ್?"

"ನಿನ್ನ ಒಳ್ಳೇದಕ್ಕೇ ಹೇಳ್ತಿರೋದಮ್ಮ. ಹೊಸ ಎಂಡೋಸ್ಕೋಪ್ ಮಂಜೂರಾಗ್ಬೇಕು. ನಮ್ಮ ವಿಭಾಗದ ಮಾನ ಉಳೀಬೇಕು."

ಜೀವಮಾನವೆಲ್ಲ ಮೈಕ್ರೋಸ್ಕೋಪ್ ಬಿಟ್ಟು ಬೇರೆ ಮುಟ್ಟದ ಮನುಷ್ಯ! ಈಗ ನನ್ನ ಪರವಾಗಿ ಸುಳ್ಳು ಹೇಳೋಕೆ ನಿಂತಿದ್ದಾರೆ. ಮೈ ಉರಿಯಿತು. ಅದಕ್ಕಿಂತ ಹೆಚ್ಚು ಉರಿದದ್ದು... ಅರೆಕ್ಷಣ 'ಆಗಲಿ' ಅನ್ನಿಸಿತಲ್ಲ, ಅದಕ್ಕೆ.

ಮಾರ್ಚ್ 6

ನಾಲ್ವರಿಗೂ ಫೋನ್ ಮಾಡಿದೆ. ಮೂವರು ಚೆನ್ನಾಗಿದ್ದಾರೆ. ನಾಲ್ಕನೆಯವಳು ಬಸ್ ಕಂಡಕ್ಟರ್. ಫೈಲಿನಲ್ಲಿ 'ಸೋರಿಕೆ ನಿಂತಿದೆ, ಗುಣ' ಅಂತಿದೆ. ನನ್ನದೇ ಅಕ್ಷರ.

"ಆಗ ನಿಂತಿತ್ತು ಡಾಕ್ಟ್ರೇ. ಆರು ತಿಂಗಳಿಂದ ಮತ್ತೆ. ಟಿಕೆಟ್ ಕೊಡೋಕೆ ಬಗ್ಗಿದ್ರೆ ಟಪ್ ಅಂತ ಬೀಳುತ್ತೆ. ಪ್ಯಾಸೆಂಜರ್ಸ್ ಮುಖ ಸಿಂಡರಿಸ್ತಾರೆ."

"ಆಸ್ಪತ್ರೆಗೆ ಯಾಕೆ ಬರ್ಲಿಲ್ಲ?"

"ಎರಡು ಸಲ ಬಂದೆ. ಶೀತ ಅಂತ ಮಾತ್ರೆ ಕೊಟ್ಟು ಕಳಿಸಿದ್ರು."

ಶೀತವಂತೆ ಶೀತ! ನೀರು ಸೋರುವ ಅದೇ ತೂತಿನಿಂದ ಸೋಂಕು ಮಿದುಳಿಗೇರಿದ್ದರೆ ಸತ್ತೇಹೋಗುತ್ತಿದ್ದಳು. ನಾಳೆಯೇ ಬನ್ನಿ ಅಂದೆ.

ಮನೆಗೆ ಬಂದು ಪಾತ್ರೆ ಕುಕ್ಕುತ್ತಿದ್ದೆ. ಅಮ್ಮ, "ಯಾರ ಮೇಲೆ ಸಿಟ್ಟು?" ಅಂದಳು.

"ನನ್ನ ಮೇಲೇ."

"ಹಾಗಾದ್ರೆ ಪಾತ್ರೆ ಏನು ಮಾಡ್ತು ಪಾಪ?"

ಮಾರ್ಚ್ 11, ಮಂಗಳವಾರ

ಕಂಡಕ್ಟರ್ ಸೋರಿಕೆಯನ್ನ ನಾನೇ ಮುಚ್ಚಿದೆ. ತೊಡೆಯಿಂದ ಚೂರು ಕೊಬ್ಬು ತೆಗೆದು ಬಿರಡೆ ಜಡಿದ ಹಾಗೆ. ತೂತು ಎಡಮೂಲೆಯಲ್ಲಿ, ಸಾಸಿವೆಯಷ್ಟು. ನೇರ ನೋಟಕ್ಕೆ ಸಿಗುವಂಥದ್ದಲ್ಲ. ಎಂಡೋಸ್ಕೋಪೇ ತೋರಿಸಿತು. ಮೊದಲು ಪೊರೆ ಹರಿದದ್ದೂ ಅದನ್ನು ಹಿಡಿದ ಇದೇ ಕೈ. ಇದನ್ನ ಯಾವ ಕಾಲಂಗೆ ಹಾಕಲಿ?

ಚೀಫ್ ಬಾಗಿಲಲ್ಲಿ ನಿಂತು ನೋಡಿ ಹೋದರು.

ಮಾರ್ಚ್ 19, ಬುಧವಾರ

ಕಂಡಕ್ಟರ್ ಡಿಸ್ಚಾರ್ಜ್. ಹತ್ತು ನಿಮಿಷ ಬಗ್ಗಿಸಿ ಕೂರಿಸಿ ನೋಡಿದೆ. ಒಂದು ಹನಿ ಇಲ್ಲ. ಸೋರಿದ್ದು ನನ್ನ ಕೈತಪ್ಪಿನಿಂದ ಅಂತ ಹೇಳಿದೆ.

"ಮೊದಲೇ ಒಂದು ಫೋನ್ ಮಾಡೋಕೆ ಏನಾಗಿತ್ತು ನಿಮಗೆ?"

ಸರಿಯಾಗೇ ಕೇಳಿದಳು.

ಸಂಜೆ ಗೊತ್ತಾಯಿತು. ಚೀಫ್ ಲೇಖನ ಕಳಿಸಿಯಾಗಿದೆ. ನಾಲ್ವರಿಲ್ಲದೆ. ನನ್ನ ಹೆಸರು ಮೊದಲಿಗೆ! ಬೆಣ್ಣೆ ಹಚ್ಚಿದರೆ ಬಾಯಿ ಮುಚ್ಚುತ್ತೆ ಅಂದುಕೊಂಡರೋ ಏನೋ.

ಮಾರ್ಚ್ 20, ಬೆಳಿಗ್ಗೆ 8.40

ಜರ್ನಲ್ ಸಂಪಾದಕರಿಗೆ ಬರೆದೆ. ಪೂರ್ತಿ ಟೇಬಲ್ ಜೊತೆಗೆ. ಆರು ಅಂದರೆ ಆರು. ಕಂಡಕ್ಟರಿಗಾದ ಎರಡನೇ ಆಪರೇಷನ್ನೂ ಸೇರಿಸಿದೆ. ಒಂದು ಪ್ರತಿ ಚೀಫ್‌ಗೂ. ಕಳಿಸಿಬಿಟ್ಟೆ.

8.52

ಚೀಫ್ ಫೋನ್. ಎತ್ತಲಿಲ್ಲ. ಮತ್ತೆ. ಮತ್ತೆ.

9.05

ಆಪರೇಷನ್ ಥಿಯೇಟರ್ ಸಿಸ್ಟರ್ ಓಡಿಬಂದರು. "ಮೇಡಂ, ಇವತ್ತಿನ ಲಿಸ್ಟಿಂದ ನಿಮ್ಮ ಹೆಸರು ಹೊಡೆದುಹಾಕಿದ್ದಾರೆ. ನಿಮ್ಮ ಪೇಷೆಂಟ್ ಆಗಲೇ ಒಳಗಿದ್ದಾರೆ."

ಯಾರು ಮಾಡ್ತಾರಂತೆ? ಚೀಫೇ ಅಂತೆ. ಆ ಹೆಂಗಸು ಆಪರೇಷನ್ನಿಗೆ ಒಪ್ಪಿ ಸಹಿ ಹಾಕಿದ್ದು ನನ್ನ ಕೈ ನಂಬಿ! ಅವಳನ್ನ ಒಂದು ಮಾತು ಕೇಳಿದ್ರಾ? ಹೋಗ್ತಿದ್ದೀನಿ. ಈ ಸಲ ಅವರ ಕೋಣೆಯಲ್ಲಲ್ಲ, ಎಲ್ಲರೆದುರಿಗೇ ನಿಂತು ಕೇಳ್ತೀನಿ, ಅವಳ ಒಪ್ಪಿಗೆ ಎಲ್ಲಿ ಅಂತ.