ದೂರು ಕೇಳುವ ಮಹಾರಾಜನಿಗೆ

ಮಹಾರಾಜ, ಭಾವ,

ನಿನ್ನ ಖಳನಾಯಕನ ಅಡ್ಡಬಿದ್ದ ನಮಸ್ಕಾರ.

ನೀನು ಹೇಳಿಕಳಿಸಿದ ಮಾತು ತಲುಪಿತು. ಕಳಿಸಲು ನಿನಗೆ ಬೇರೆ ಯಾರೂ ಸಿಗಲಿಲ್ಲ, ನಮ್ಮ ನಾಟಕ ಮಂಡಳಿಯಲ್ಲಿ ಪರದೆಯ ಹಿಂದೆ ನಿಂತು ಮರೆತ ಮಾತು ಎತ್ತಿಕೊಡುತ್ತಿದ್ದ ಮುದುಕನೇ ಬೇಕಾಯಿತು. ಪಾಪ, ಮೆಟ್ಟಿಲು ಹತ್ತುವಷ್ಟರಲ್ಲಿ ಅವನಿಗೇ ಮಾತು ಮರೆತುಹೋಗಿತ್ತು. ನೀರು ಕುಡಿಸಿ ಕೂರಿಸಿದ ಮೇಲೆ ಒಪ್ಪಿಸಿದ: "ಸಾಕ್ಷಿ ಹೇಳೋಕೆ ಬರ್ತಾನಂತೆ ಕಣೋ. ಕಂಪನಿಯವರು ಮಾಡಿದ್ದೆಲ್ಲಾ ಹೇಳ್ತಾನಂತೆ. ಆದ್ರೆ ಆ ರೆಕಾರ್ಡಿಂಗ್‌ನಲ್ಲಿ ಕೊನೇ ಮಾತೊಂದನ್ನ ತೆಗೆಸ್ಬೇಕಂತೆ."

ಕೊನೆಯ ಮಾತು. ಅದನ್ನು ತೆಗೆಸಬೇಕೆಂದು ಕೇಳುತ್ತಿರುವವನು ಯಾರು? ರಂಗದ ಮೇಲೆ ಕೊನೆಯ ಮಾತು ತನಗೇ ಬೇಕೆಂದು ಜೀವಮಾನವಿಡೀ ಜಗಳ ತೆಗೆದವನು. ನಿನ್ನ ಕತ್ತಿಗೆ ನಾನು ಸತ್ತು ಬಿದ್ದ ಮೇಲೂ ನನ್ನ ಎದೆಯ ಮೇಲೆ ಕಾಲಿಟ್ಟು ಇನ್ನೊಂದು ಭಾಷಣ ಬಿಗಿಯುತ್ತಿದ್ದವನು. ಬೆನ್ನಿನಡಿ ಹಲಗೆಯ ಮೊಳೆ ಚುಚ್ಚುತ್ತಿದ್ದರೂ ಹೆಣವಾದ ನಾನು ಮಿಸುಕುವಂತಿರಲಿಲ್ಲ.

ಉತ್ತರ ಕೊಡುತ್ತೇನೆ. ಆದರೆ ನಾಟಕದವನು ನಾನು, ಮೊದಲ ಅಂಕ ಬಿಟ್ಟು ಕೊನೆಯ ಅಂಕ ಆಡಿ ಗೊತ್ತಿಲ್ಲ. ಕೇಳುವುದೇ ನಿನ್ನ ಉದ್ಯೋಗವಲ್ಲವೇ, ಕೇಳು.

ಮಂಡಳಿಯಲ್ಲಿ ಉಡುಪು ಹೊಲಿಯಲು ಬಂದ ಹುಡುಗಿ ಅವಳು. ಹಿಂದುಮುಂದು ಯಾರೂ ಇರಲಿಲ್ಲ. ನೀನು ಅವಳನ್ನು ಬಾಯ್ತುಂಬ ತಂಗಿ ಎಂದು ಕರೆದೆ. ನನ್ನೊಂದಿಗೆ ಮದುವೆಯಾದಾಗ ಹೆಣ್ಣಿನ ಕಡೆಯ ಹಿರಿಯನಾಗಿ ನಿಂತು, "ನನ್ನ ತಂಗಿ ಕಣ್ಣಲ್ಲಿ ನೀರು ಬಂತೋ, ಮುಂದಿನ ಪ್ರದರ್ಶನದಲ್ಲಿ ಕತ್ತಿ ನಿಜವಾದದ್ದೇ ತರ್ತೀನಿ" ಎಂದು ನನ್ನನ್ನು ಹೆದರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಒಮ್ಮೆ ಖಾಲಿ ಹೊಟ್ಟೆಯಲ್ಲಿ ವೇಷ ಕಟ್ಟಿ ಸಿಂಹಾಸನದ ಮೇಲೇ ತಲೆ ತಿರುಗಿ ಬಿದ್ದೆಯಲ್ಲ, ಕಿರೀಟ ಉರುಳಿಕೊಂಡು ಪ್ರೇಕ್ಷಕರ ಕಾಲ ಬುಡಕ್ಕೆ ಹೋಯಿತಲ್ಲ, ಅವತ್ತಿನಿಂದ ಅವಳದೊಂದು ಕಾನೂನು. ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡು, ನಿನ್ನ ಮೇಲಂಗಿಯ ಅಂಚು ಸರಿಮಾಡುತ್ತಾ, "ಅಣ್ಣಾ, ಊಟ ಆಯ್ತಾ?" ಎಂದು ಕೇಳದೆ ಪರದೆ ಏಳಲು ಬಿಡುತ್ತಿರಲಿಲ್ಲ. ನೀನು ಸುಳ್ಳು ಹೇಳುತ್ತಿದ್ದೆ. ಅವಳು ಮುಖ ನೋಡಿಯೇ ಹಿಡಿಯುತ್ತಿದ್ದಳು. ಅಂಟಿಸಿದ ಮೀಸೆ ಕೆಡದ ಹಾಗೆ ನಿನ್ನ ಬಾಯಿಗೆ ತುತ್ತು ತುರುಕುತ್ತಿದ್ದಳು.

ಮಂಡಳಿ ಮುಚ್ಚಿತು. ರಂಗಮಂದಿರ ಸಿಮೆಂಟಿನ ಗೋದಾಮಾಯಿತು. ನನಗೆ ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗುವ ಕೆಲಸ ಸಿಕ್ಕಿತು. ಸಾಮ್ರಾಜ್ಯಗಳನ್ನು ಉರುಳಿಸುತ್ತಿದ್ದ ಗಂಟಲು ಪ್ಲಾಟ್‌ಫಾರ್ಮ್ ನಂಬರಿಗೆ ಇಳಿಯಿತು. ಅವಳು ಮೀನಿನ ಕಾರ್ಖಾನೆಗೆ ಸೇರಿದಳು. ನೀನು "ಅದೇ ಕಂಪನಿಯ ಆಫೀಸಿನಲ್ಲಿ ಏನೋ ಒಂದು" ಎಂದೆ. ಇಸ್ತ್ರಿ ಮಾಡಿದ ಅಂಗಿ ಹಾಕಿ ನನ್ನ ನಿಲ್ದಾಣದಿಂದಲೇ ದಿನಾ ಬಸ್ಸು ಹತ್ತುತ್ತಿದ್ದೆ. ಏನು ಕೆಲಸವೆಂದು ಕೇಳಿದರೆ ಗಡಿಯಾರ ನೋಡಿಕೊಳ್ಳುತ್ತಿದ್ದೆ.

ಕಾರ್ಖಾನೆಯಲ್ಲಿ ದುಡಿಯುವವರು ಕರೆ ಮಾಡಿ ದೂರು ಹೇಳುವ ಆ ಫೋನು ಕಂಪನಿಯ ಔದಾರ್ಯವಲ್ಲ, ಭಾವ. ಒಕ್ಕೂಟ ಹೋರಾಡಿ ಕಿತ್ತುಕೊಂಡದ್ದು. ಕಾರ್ಮಿಕ ಸಂಘದವರು, ಹೆಂಗಸರ ಗುಂಪುಗಳು, ನಾಲ್ಕಾರು ವಕೀಲರು, ನಮ್ಮ ಮೀನು ಕೊಂಡು ತಿನ್ನುವ ದೂರದ ದೇಶಗಳ ಒಂದಷ್ಟು ಜನ, ಎಲ್ಲ ಸೇರಿ ಕಟ್ಟಿದ ಒಕ್ಕೂಟ. ದುಡಿಯುವವರ ಮಾತು ಕೇಳಲು ಒಬ್ಬ ಮನುಷ್ಯನನ್ನು ಕೂರಿಸಿ ಎಂದು ಅವರು ಕಾರ್ಖಾನೆಯ ಗೇಟಿನೆದುರು ಕೂತರು. ಅವಳೂ ಫಲಕ ಹಿಡಿದು ಕೂತಳು, ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದಿತ್ತು. ಕಂಪನಿ ಒಪ್ಪಿಕೊಂಡ ದಿನ ಇವರೆಲ್ಲ ರಸ್ತೆಯಲ್ಲೇ ಕುಣಿದರು. ಕೇಳುವವನನ್ನು ಕೇಳಿದರು, ಕೇಳುವವನನ್ನು ಕೊಟ್ಟರು. ಕೇಳಿದ ಮೇಲೆ ಅವನು ಏನು ಮಾಡಬೇಕೆಂದು ಬರೆಸಿಕೊಳ್ಳಲು ಒಕ್ಕೂಟದ ಒಬ್ಬರಿಗೂ ಹೊಳೆಯಲಿಲ್ಲ. ಕಂಪನಿಗೆ ಹೊಳೆದಿತ್ತು. ಅದಕ್ಕೇ ಅವರು ಎಂಜಿನಿಯರನನ್ನು ಹುಡುಕಲಿಲ್ಲ, ನಟನನ್ನು ಹುಡುಕಿದರು.

ಎಂಥಾ ಪಾತ್ರ ಸಿಕ್ಕಿತು ನಿನಗೆ. ಹೆಂಗಸರು ಬೀದಿಯ ನಲ್ಲಿಯ ಹತ್ತಿರ ನಿನ್ನನ್ನು ಹೊಗಳುವುದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. "ನನ್ನ ಗಂಡ ಮದುವೆಯಾದಾಗಿಂದ ಇಷ್ಟು ಹೊತ್ತು ನನ್ನ ಮಾತು ಕೇಳಿಸ್ಕೊಂಡಿಲ್ಲ ಕಣೇ." "ಸಂಘದವ್ರ ಹತ್ರ ಹೋದ್ರೆ ಮೆರವಣಿಗೆಗೆ ಬಾ ಅಂತಾರೆ. ಈ ಮನುಷ್ಯ ನಮ್ಮ ಜೊತೆ ಅಳ್ತಾನೆ." ಎದೆಯ ಭಾರ ಇಳಿಸಿಕೊಂಡು ಹಗುರಾಗಿ ಮನೆಗೆ ಹೋಗುತ್ತಿದ್ದರು. ಸಂಘದ ಸಭೆಗೆ ಕುರ್ಚಿಗಳು ಮಾತ್ರ ಬರುತ್ತಿದ್ದವು. ಆ ದನಿ ಯಾರದೆಂದು ನನಗೆ ಆಗ ಗೊತ್ತಿರಲಿಲ್ಲ.

ಮೀನು ಹೆಪ್ಪುಗಟ್ಟಿಸಿ ಇಡುವ ಕೋಲ್ಡ್ ರೂಮಿನ ಬಾಗಿಲಿಗೆ ಒಳಗಿನ ಹಿಡಿ ಮುರಿದಿತ್ತು. ಒಳಗೆ ಹೋದವರು ಹೊರಗಿನವರು ತೆರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೆಂಗಸರು ಖಾಲಿ ಕ್ರೇಟು ಅಡ್ಡ ಇಟ್ಟು ಒಳಗೆ ಹೋಗುತ್ತಿದ್ದರು. ತಂಪು ಸೋರುತ್ತದೆಂದು ಸೂಪರ್‌ವೈಸರ್ ಆ ಕ್ರೇಟನ್ನು ಒದೆಯುತ್ತಿದ್ದ. ಎಲ್ಲರ ಪರವಾಗಿ ಅವಳು ಫೋನ್ ಮಾಡಿದಳು. ಅವತ್ತು ಮನೆಗೆ ಬಂದವಳ ಮುಖ ನೋಡಬೇಕಿತ್ತು ನೀನು. ತನ್ನಷ್ಟಕ್ಕೆ ನಗುತ್ತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. "ಬಾಗಿಲು ಸರಿ ಹೋಯ್ತು ಅಂದ್ಕೊಳ್ಳಿ. ಯಾರಿಗೆ ಹೇಳಿದೆ ಅಂತ ಈಗ ಹೇಳಲ್ಲ. ಸರಿ ಹೋದ್ಮೇಲೆ ನಾವಿಬ್ರೂ ಹೋಗಿ ಅವರನ್ನ ಊಟಕ್ಕೆ ಕರೆಯೋಣ." ಯಾವ ದೊಡ್ಡ ಮನುಷ್ಯರೇ ಅದು ಎಂದು ರೇಗಿಸಿದೆ. "ನಿಮಗಿಂತ ದೊಡ್ಡವರು ಬಿಡಿ" ಎಂದಳು. ಮೊದಲಾದರೆ ಆ ಕೋಣೆಗೆ ಹೋಗಲು ಹಿಂದೇಟು ಹಾಕುತ್ತಿದ್ದವಳು, ಆಮೇಲೆ ಬೇರೆಯವರ ಸರದಿಯನ್ನೂ ತಾನೇ ತೆಗೆದುಕೊಂಡಳು. ಧೈರ್ಯ ಬಂದಿತ್ತು. ನೀನು ಕೊಟ್ಟ ಧೈರ್ಯ.

ಆ ವಾರವೇ, ಮನೆಗೆ ಹೊರಡುವ ಅವಸರದಲ್ಲಿ ಸೂಪರ್‌ವೈಸರ್ ಕ್ರೇಟು ಒದ್ದು ಬಾಗಿಲು ಎಳೆದುಕೊಂಡ. ಅವಳು ಒಳಗಿದ್ದಳು. ಬೆಳಿಗ್ಗೆ ತೆರೆದರು.

ಆಮೇಲೆ ಒಂದು ದಿನ ನಾನು ಅದೇ ಕೋಣೆಯಲ್ಲಿ ನಿಂತು ಬಾಗಿಲು ಹಾಕಿಸಿಕೊಂಡು ಕೂಗಿ ನೋಡಿದೆ. ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟಿಸುತ್ತಿದ್ದ ಗಂಟಲು ಇದು, ನಿನಗೆ ಗೊತ್ತು. ರಕ್ತ ಬರುವ ಹಾಗೆ ಕೂಗಿದೆ. ಬಾಗಿಲಿನ ಆಚೆ ನಿಂತಿದ್ದ ಒಕ್ಕೂಟದ ವಕೀಲೆ ತೆರೆದು ಕೇಳಿದರು: "ಕೂಗಿದ್ರಾ? ಶುರು ಮಾಡ್ತೀರೇನೋ ಅಂತ ಕಾಯ್ತಾ ಇದ್ದೆ."

ಅವಳನ್ನು ಕಳಿಸಿಕೊಟ್ಟ ದಿನ ನೀನು ಬಂದೆ. ಅಂಥ ಅಳು ನಿನ್ನ ಯಾವ ನಾಟಕದಲ್ಲೂ ನಾನು ಕಂಡಿರಲಿಲ್ಲ. ನನ್ನ ಭುಜ ಹಿಡಿದು, "ಒಂದು ಮಾತು ನನ್ನ ಕಿವಿಗೆ ಹಾಕಿದ್ರೆ ಸಾಕಿತ್ತಲ್ಲೋ ಭಾವ, ನಾನು ನೋಡ್ಕೋತಿದ್ದೆ" ಎಂದೆ. ನಾನು ನಿನ್ನ ಬೆನ್ನು ಸವರಿದೆ. ನಾನು, ನಿನ್ನನ್ನು, ಸಮಾಧಾನ ಮಾಡಿದೆ.

ಕಂಪನಿಗೆ ತನ್ನ ಕಲಾವಿದನ ಮೇಲೆ ಎಷ್ಟು ಅಭಿಮಾನವೆಂದರೆ, ಅವಳ ಆ ಕರೆಯನ್ನೇ ದೂರು ಕೇಳಲು ಹೊಸದಾಗಿ ಸೇರಿದವರಿಗೆ ಪಾಠವಾಗಿ ಕೇಳಿಸಿದರು. ಸಿಟ್ಟಿನ ಹೆಂಗಸನ್ನು ತಣ್ಣಗೆ ಮಾಡುವುದು ಹೇಗೆ, ನೋಡಿ ಕಲಿಯಿರಿ. ಆ ತರಗತಿಯಲ್ಲಿ ಕೂತಿದ್ದ ಒಬ್ಬ ಹುಡುಗಿಯ ತಾಯಿ ಅದೇ ಕಾರ್ಖಾನೆಯಲ್ಲಿ ಮೀನು ತುಂಬುವವಳು. ಹುಡುಗಿ ಆ ರೆಕಾರ್ಡಿಂಗನ್ನು ಒಕ್ಕೂಟಕ್ಕೆ ತಂದುಕೊಟ್ಟಳು.

ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ವಕೀಲೆಯ ಕಚೇರಿ. ಕೆಳಗೆ ಯಂತ್ರ ಗುಯ್‌ಗುಡುತ್ತಿತ್ತು, ಮೇಲೆ ನಿನ್ನ ದನಿ. ಬಾಗಿಲು, ಹಿಡಿ, ಕ್ರೇಟು, ಎಲ್ಲವನ್ನೂ ನಿನ್ನ ತಂಗಿ ಬಿಡಿಸಿ ಹೇಳಿದಳು. "ನಿಮ್ಮ ಭಯ ನನ್ನ ಭಯ, ತಾಯಿ" ಎಂದೆ ನೀನು. ಮಾತು ಮುಗಿಯಿತು. ಫೋನು ಇಟ್ಟಳೆಂದುಕೊಂಡೆವು. ಆಗ ಕೇಳಿತು, ಗುಂಡುಸೂಜಿ ಕಚ್ಚಿಕೊಂಡವಳ ಹಾಗೆ, ಮೆಲ್ಲಗೆ: "ಅಣ್ಣಾ, ಊಟ ಆಯ್ತಾ?"

ನೀನು ಸುಮ್ಮನಾದೆ. ಮಾತು ಮರೆತವನ ಮೌನ ಬೇರೆ, ಮಾತು ಗೊತ್ತಿದ್ದೂ ನುಂಗಿದವನ ಮೌನ ಬೇರೆ. ಎರಡನ್ನೂ ನಾನು ರಂಗದ ಮೇಲೆ ನಿನ್ನ ಎದುರು ನಿಂತು ಅನುಭವಿಸಿದ್ದೇನೆ. ಆಮೇಲೆ ನಿನ್ನ ಆ ರಾಜಗಂಭೀರ ದನಿ: "ತಾಯಿ, ನಿಮ್ಮ ದೂರು ನಮಗೆ ತಲುಪಿದೆ. ಇನ್ನೇನಾದರೂ ಹೇಳುವುದಿದೆಯೇ?" ಅವಳು ಕಿಸಕ್ಕನೆ ನಕ್ಕಳು. "ಗೊತ್ತಾಯ್ತು ಬಿಡಣ್ಣ, ಪಕ್ಕದಲ್ಲಿ ಯಾರೋ ಇದಾರೆ."

ಯಾರಿದ್ದರು, ಭಾವ? ಆ ಮುದುಕನ ಬಾಯಲ್ಲಿ ನೀನೇ ಹೇಳಿಕಳಿಸಿದ್ದೀಯ, ಕೋಣೆಯಲ್ಲಿ ನಿನ್ನ ಹೊರತು ಒಂದು ಕುರ್ಚಿಯೂ ಹೆಚ್ಚಿರಲಿಲ್ಲವಂತೆ.

ಈಗ ವಿಚಾರಣೆಯ ಮಾತು. ಮೀನು ಕೊಳ್ಳುವ ದೂರದ ವ್ಯಾಪಾರಿಗಳ ಸಮಿತಿ ಬಂದು ಕೂರುತ್ತದೆ. ಕಂಪನಿಯ ವಾದ ಸಿದ್ಧವಾಗಿದೆ: ಬಾಗಿಲಿನ ದೂರು ಮೇಲಕ್ಕೆ ಬರಲೇ ಇಲ್ಲ, ಗುತ್ತಿಗೆಯ ಮೇಲೆ ತೆಗೆದುಕೊಂಡ ಯಾರೋ ಮರೆತಿದ್ದಾನೆ, ಆಕೆಯೂ ಒಬ್ಬಳೇ ಒಳಗೆ ಹೋದದ್ದು ಅಜಾಗರೂಕತೆ. ವಕೀಲೆ ನನಗೆ ಬಿಡಿಸಿ ಹೇಳಿದರು. ಬರೀ ರೆಕಾರ್ಡಿಂಗ್ ಹಾಕಿದರೆ ನೀನೊಬ್ಬ ಸಿಕ್ಕಿಬೀಳುತ್ತೀಯ, ಕಂಪನಿ ಜಾರಿಕೊಳ್ಳುತ್ತದೆ. ನೀನೇ ಬಂದು, "ಯಾವ ದೂರನ್ನೂ ಮುಂದಕ್ಕೆ ಕಳಿಸಬೇಡ, ಫೋನ್ ಮಾಡಿದವರನ್ನು ಸಮಾಧಾನ ಮಾಡಿ ಕಳಿಸು ಎಂದೇ ನನ್ನನ್ನು ಕೂರಿಸಿದ್ದರು" ಎಂದು ಹೇಳಿದರೆ, ಅವರಿಗೆ ಓಡಲು ಜಾಗವಿಲ್ಲ. ಅವಳ ಸಾವು ಅವಳ ತಪ್ಪಲ್ಲವೆಂದು ಬರೆದು ಮುದ್ರೆ ಬೀಳುತ್ತದೆ. "ಊಟದ ಮಾತಿನಿಂದ ಕೇಸಿಗೆ ಏನೂ ಆಗಬೇಕಿಲ್ಲ, ದೂರಿನ ಭಾಗ ಮಾತ್ರ ಹಾಕೋಣ. ಒಪ್ಕೊಳ್ಳಿ" ಎಂದರು.

ನನಗೇನು ಆಸೆಯಿತ್ತು ಗೊತ್ತೇ? ಸಭಾಂಗಣ ತುಂಬಿರಬೇಕು. ನಿನ್ನ ದನಿಯನ್ನು ಪೂಜಿಸಿದ ಹೆಂಗಸರೆಲ್ಲ ಕೂತಿರಬೇಕು. ಅವಳ ಆ ಮಾತು, ನಿನ್ನ ಆ ಮೌನ, ದೊಡ್ಡ ಸ್ಪೀಕರಿನಲ್ಲಿ ಬರಬೇಕು. ಎಲ್ಲರೂ ತಿರುಗಿ ನಿನ್ನ ಮುಖ ನೋಡಬೇಕು. ಕಾಲಿನದು ಕೈಗೆ ಬರಬೇಕು.

ಇಲ್ಲ. ಒಪ್ಪಿದ್ದೇನೆ. ಕೊನೆಯ ಮಾತು ಕತ್ತರಿಸುತ್ತಾರೆ.

ಕರುಣೆಯೆಂದು ತಿಳಿಯಬೇಡ. ನೂರು ಜನ ಉಗಿದರೆ ನಿನ್ನ ಪಾಪ ನೂರು ಪಾಲಾಗುತ್ತದೆ. ಉಗುಳು ಒರೆಸಿಕೊಂಡು, ಬಣ್ಣ ತೊಳೆದುಕೊಂಡು, ಶಿಕ್ಷೆ ಮುಗಿಯಿತೆಂದು ಮಲಗಿಬಿಡುತ್ತೀಯ. ನಟರ ನಿದ್ದೆ ನನಗೆ ಗೊತ್ತಿಲ್ಲವೇ? ಹಾಗಾಗಬಾರದು. ಇಡಿಯಾಗಿ ನಿನಗೇ ಬಿಟ್ಟಿದ್ದೇನೆ, ಒಂದು ಚೂರೂ ಹಂಚದೆ.

ಬಾ. ಸಾಕ್ಷಿ ಹೇಳು. ಚೆನ್ನಾಗಿ ಹೇಳು. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಎಂಥ ಎದೆಗಾರಿಕೆ ಎನ್ನುತ್ತಾರೆ, ಹೆಂಗಸರು ನಿನ್ನ ಕೈ ಹಿಡಿದು ಕಣ್ಣೀರಿಡುತ್ತಾರೆ. ಮತ್ತೆ ಮಹಾರಾಜನಾಗಿ ಮೆಟ್ಟಿಲಿಳಿದು ಬಾ. ಮುಂದಿನ ಸಾಲಿನಲ್ಲಿ ನಾನಿರುತ್ತೇನೆ. ಎದ್ದು ನಿಂತು, ಅಷ್ಟೂ ಜನರ ಎದುರಿಗೆ, ಒಂದೇ ಮಾತು ಕೇಳುತ್ತೇನೆ: ಅಣ್ಣಾ, ಊಟ ಆಯ್ತಾ?

ಯಾರಿಗೂ ಏನೂ ಅನಿಸುವುದಿಲ್ಲ. ಹೆಂಡತಿ ಸತ್ತರೂ ಎಷ್ಟು ದೊಡ್ಡ ಮನಸ್ಸು ಎಂದುಕೊಳ್ಳುತ್ತಾರೆ. ನೀನು ಉತ್ತರ ಹೇಳಬೇಕು, ಭಾವ. ಕೊನೆಯ ಸಾಲಿಗೆ ಕೇಳುವ ಹಾಗೆ. ಅಂದು ಬಾಯಿಗೆ ಮಾತು ಬರದಿದ್ದರೂ ಚಿಂತೆಯಿಲ್ಲ. ನಿನ್ನ ಬಸ್ಸು ಇಂದಿಗೂ ನನ್ನ ನಿಲ್ದಾಣದಿಂದಲೇ ಹೊರಡುತ್ತದೆ, ಮೈಕು ನನ್ನ ಕೈಯಲ್ಲೇ ಇದೆ. ದಿನಾ ಕೇಳುತ್ತೇನೆ.

ನಿನಗೆ ದೀರ್ಘಾಯುಷ್ಯವಾಗಲಿ. ಗಂಟಲು ಕೆಡದಿರಲಿ. ಎಲ್ಲಕ್ಕಿಂತ ಹೆಚ್ಚಾಗಿ, ಎಷ್ಟೇ ವಯಸ್ಸಾದರೂ ಕಿವಿ ಮಾತ್ರ ಮಂದವಾಗದಿರಲಿ.

ಪ್ರತಿ ಪ್ರದರ್ಶನದಲ್ಲೂ ನಿನ್ನ ಕೈಯಲ್ಲಿ ಸತ್ತು, ಪರದೆ ಬಿದ್ದ ಮೇಲೆ ಎದ್ದು ಬಂದವನು,
ನಿನ್ನ ತಂಗಿಯ ಗಂಡ