ಬಿಸಿಯಲ್ಲೇ ಅಳೆದ ಬತ್ತಿ

ಮಾವನವರೇ,

ನೀವಿದ್ದಾಗ ಎದುರು ಕೂತು ಹೇಳಬೇಕಾಗಿದ್ದ ಮಾತನ್ನು ನೀವು ಹೋದ ಮೇಲೆ ಕಾಗದದಲ್ಲಿ ಬರೆಯುತ್ತಿದ್ದೇನೆ. ನಾಚಿಕೆಯಾಗುತ್ತದೆ.

ಚಿಂತಾಮಣಿಯ ನಮ್ಮ ಹೈಸ್ಕೂಲಿನ ಹೊಸ ಕಟ್ಟಡದ ಪ್ರಾರಂಭೋತ್ಸವಕ್ಕೆ ಬಾಣಬಿರುಸು ಬೇಕೆಂದಾಗ, ನಮ್ಮ ಮಾವನವರಿದ್ದಾರೆ ಎಂದು ಜಂಬದಿಂದ ಹೇಳಿದವನು ನಾನೇ. ನೀವು ಶಿಡ್ಲಘಟ್ಟದಿಂದ ಬಾಣಬಿರುಸಿನ ಗುಂಡುಗಳನ್ನು ಹುಲ್ಲಿನಲ್ಲಿ ಸುತ್ತಿಕೊಂಡು ಗಾಡಿಯಲ್ಲಿ ಬಂದಿರಿ. ಗುಂಡು ಮೇಲೇರಿ, ಇನ್ನೇನು ಕೆಳಕ್ಕೆ ತಿರುಗಬೇಕು ಅನ್ನುವ ಗಳಿಗೆಗೆ ಒಳಗಿನ ಬತ್ತಿ ಉರಿದು ಮುಗಿಯಬೇಕು, ಆಗಲೇ ಬಣ್ಣ ದುಂಡಗೆ ಹರಡೋದು ಎಂದಿರಿ. ಅದನ್ನೇ ನಾನು ಬೋರ್ಡಿನ ಮೇಲೆ ಲೆಕ್ಕ ಹಾಕಿ ತೋರಿಸಿದೆ. ನೀವು ನಕ್ಕಿರಿ.

ಆ ಮಧ್ಯಾಹ್ನ ಮೈದಾನದಲ್ಲಿ ಗುಂಡು ಹಾರಿಸುವ ಕೊಳವೆ ಹೂಳಲು ಹೊರಟವರು ಬತ್ತಿಯ ಸುರುಳಿ ನನ್ನ ಕೈಗಿತ್ತು, "ಅಳಿಯಂದ್ರೇ, ಬಿಸಿಲಿಂದ ಈಗ್ತಾನೆ ತೆಗ್ದಿದೀನಿ. ನೆರಳಲ್ಲಿ ತಣ್ಣಗಾಗ್ಲಿ. ಆಮೇಲೆ ಒಂದು ತುಂಡು ಸುಟ್ಟು, ಎಷ್ಟೊತ್ತು ಉರೀತೈತೆ ನೋಡಿ ಕತ್ತರಿಸಿ" ಅಂದಿರಿ. ನೀವು ತೆಲುಗಿನಲ್ಲಿ 'ಒಕಟಿ, ರೆಂಡು' ಎಂದು ಬಾಯಲ್ಲೇ ಎಣಿಸುವವರು. ನನ್ನ ಕೈಯಲ್ಲಿ ಸೆಕೆಂಡು ಮುಳ್ಳಿನ ಗಡಿಯಾರ. ಕಾಯುವುದೇಕೆ ಎಂದು ಬಿಸಿ ಇರುವಾಗಲೇ ಸುಟ್ಟು ನೋಡಿ, ಎಲ್ಲವನ್ನೂ ಆ ಅಳತೆಗೇ ಕತ್ತರಿಸಿಬಿಟ್ಟೆ. ಕಾದ ಬತ್ತಿ ಬೇಗ ಉರಿಯುತ್ತದೆ, ತಣಿದದ್ದು ನಿಧಾನ; ನಾನು ಕತ್ತರಿಸಿದ್ದೆಲ್ಲ ಉದ್ದವಾಗಿತ್ತು. ವಿಜ್ಞಾನದ ಮೇಷ್ಟ್ರಿಗೆ ಇಷ್ಟೂ ಹೊಳೆಯಬಾರದೇ? ಅಳಿಯ ಮಾಡಿದ್ದನ್ನು ಮತ್ತೆ ಅಳೆದು ನೋಡಿದರೆ ಮರ್ಯಾದೆಯಲ್ಲ ಎಂದು ನೀವೂ ಹಾಗೇ ಗುಂಡುಗಳಿಗೆ ಕೂರಿಸಿದಿರಿ.

ಸಂಜೆ ಮೊದಲ ಗುಂಡಿನ ಕಿಡಿ ಮೇಲೆ ಹೋಯಿತು, ನಿಂತಿತು, ಕೆಳಗೆ ಬಂತು, ಬರುತ್ತಲೇ ಇತ್ತು... ಶಾಮಿಯಾನದ ನೆತ್ತಿಯ ಮೇಲೆ ಸಿಡಿಯಿತು. ಬಟ್ಟೆ ಹೊತ್ತಿಕೊಂಡು ಜನ ಎದ್ದುಬಿದ್ದು ಓಡಿದರು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಹೆಡ್‌ಮಾಸ್ಟರು ಕೂಗಾಡಿದಾಗ ನೀವು ನನ್ನ ಕಡೆ ಒಮ್ಮೆ ನೋಡಿ, "ಬತ್ತಿ ಅಳತೆ ತಪ್ಪೋಯ್ತು ಸ್ವಾಮಿ. ನಂದೇ ತಪ್ಪು, ಕಣ್ಣು ಮಂಜಾಗೈತೆ" ಅಂದಿರಿ. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಎಂಥಾ ಹೇಡಿ ನಾನು!

ಆ ವಾರವೇ ನಿಮ್ಮ ಮಗ, ಇನ್ನು ಅಪ್ಪನ ಕೈಲಾಗದು ಎಂದು ನೀವು ಗುಂಡು ಕಟ್ಟುವ ಮದ್ದಿನ ಕೊಠಡಿಗೆ ಬೀಗ ಹಾಕಿದ. ನೀವು ಜಗಲಿ ಹಿಡಿದಿರಿ. ನಾನು ಬಂದಾಗಲೆಲ್ಲ ಊಟಕ್ಕೆ ನನ್ನನ್ನೇ ಮೊದಲು ಕೂರಿಸುತ್ತಿದ್ದಿರಿ. ಆಗಲಾದರೂ ಹೇಳಬಹುದಿತ್ತಲ್ಲ...

ಮೊನ್ನೆ ನಿಮ್ಮ ವರ್ಷದ ತಿಥಿ ಮುಗಿದ ಮೇಲೆ ನಿಮ್ಮ ಮಗನಿಗೆ ಎಲ್ಲವನ್ನೂ ಹೇಳಿದೆ. ನಿಮ್ಮ ಕಣ್ಣಿಗೇನೂ ಆಗಿರಲಿಲ್ಲ ಎಂದು ಈಗ ಅವನಿಗೂ ಗೊತ್ತು. ಕಪಾಳಕ್ಕೆ ಹೊಡೆಯುತ್ತಾನೆ ಅಂದುಕೊಂಡಿದ್ದೆ. ಅವನು ಗೋಡೆಗೆ ಒರಗಿ ಕೂತುಬಿಟ್ಟ.

"ಹೋಗೋಕೆ ಮುಂಚೆ ಅಪ್ಪ ಬೀಗದ ಕೈ ಕೇಳಿದ್ರು ಭಾವ. ಒಂದೇ ಒಂದು ಗುಂಡು ಮಾಡ್ತೀನಿ ಕಣಪ್ಪ ಅಂದ್ರು. ನಾನು ಕೊಡ್ಲಿಲ್ಲ."